ಬಂದೆ ಎಂದರೆ ಎಷ್ಟು ಹೊತ್ತು

ಸಿದ್ದಾಪಟ್ಟಣದ ಸಿಗ್ನಲ್‌ಗಳಿಗೆ ಕಣ್ಣು ಬಂದು ಬಹಳ ವರ್ಷಗಳಾಗಿದ್ದವು. ಕಿವಿ ಬಂದದ್ದು ವಾರಿಜಳ ಕಾಲದಲ್ಲಿ.

ವಾರಿಜ ನಗರದ ಸಂಚಾರ ನಿಯಂತ್ರಣ ಕೊಠಡಿಯಲ್ಲಿ ಎಂಜಿನಿಯರ್. ಯಾವ ರಸ್ತೆಗೆ ಎಷ್ಟು ಸೆಕೆಂಡು ಹಸಿರು, ಯಾವುದಕ್ಕೆ ಎಷ್ಟು ಕೆಂಪು ಎಂದು ಲೆಕ್ಕ ಹಾಕುವುದು ಅವಳ ಕೆಲಸ. ಊರಿನವರಿಗೆ ಈ ಲೆಕ್ಕದ ಬಗ್ಗೆ ತಮ್ಮದೇ ಆದ ಸಿದ್ಧಾಂತವಿತ್ತು. ತಾವು ಬಂದ ಕೂಡಲೇ ಕೆಂಪು ಬೀಳುವ ಹಾಗೆ ಯಾರೋ ಒಳಗೆ ಕೂತು ಗುಂಡಿ ಒತ್ತುತ್ತಾರೆ ಎಂಬುದೇ ಅದು. ಮದುವೆ ಮನೆಯಲ್ಲಿ ಪಕ್ಕದ ಎಲೆಯವರು "ಓ, ಆ ಗುಂಡಿ ಒತ್ತೋರು ನೀವೇನಾ?" ಎಂದು ಕೇಳಿದರೆ ವಾರಿಜ ಹಪ್ಪಳ ಮುರಿಯುತ್ತ "ನಾನೇ" ಎನ್ನುತ್ತಿದ್ದಳು. ವಿವರಿಸಲು ಹೊರಟರೆ ಪಾಯಸ ಬರುವಷ್ಟರಲ್ಲಿ ಮುಗಿಯುವ ಮಾತಲ್ಲ.

ವಿವರ ಇಷ್ಟು. ನಾಲ್ಕು ರಸ್ತೆ ಕೂಡುವ ಕಡೆ ಒಂದಕ್ಕೆ ಹಸಿರು ಕೊಟ್ಟರೆ ಮೂರು ಕಾಯಬೇಕು. ಎಲ್ಲರ ಸರದಿಯೂ ಒಮ್ಮೆ ಬಂದು ಹೋದರೆ ಒಂದು ಸುತ್ತು. ದೀಪ ಬದಲಾದಾಗಲೆಲ್ಲ ಹಿಂದಿನ ರಸ್ತೆಯವರು ಸರ್ಕಲ್ಲಿನಿಂದ ಖಾಲಿಯಾಗಬೇಕು, ಮುಂದಿನವರು ಗೇರು ಹಾಕಿ ಹೊರಡಬೇಕು. ಆ ನಾಲ್ಕೈದು ಸೆಕೆಂಡು ಯಾರಿಗೂ ಸಿಗದೆ ಹಾಳು. ಸುತ್ತು ಚಿಕ್ಕದು ಮಾಡಿದರೆ ದಿನವೆಲ್ಲ ಬದಲಾಯಿಸುವುದರಲ್ಲೇ ಕಳೆದುಹೋಗುತ್ತದೆ. ದೊಡ್ಡದು ಮಾಡಿದರೆ ಹಾಳಾಗುವುದು ಕಡಿಮೆ, ಆದರೆ ಕೆಂಪಿನಲ್ಲಿ ನಿಂತವನಿಗೆ ಗಡ್ಡ ಬೆಳೆಯುತ್ತದೆ. ಎಲ್ಲ ರಸ್ತೆಗಳ ಎಲ್ಲರ ಕಾಯುವಿಕೆಯನ್ನೂ ಕೂಡಿದರೆ ಯಾವ ಜಾಗದಲ್ಲಿ ಮೊತ್ತ ಅತಿ ಕಡಿಮೆಯಾಗುತ್ತದೋ ಅದನ್ನು ಹುಡುಕುವುದೇ ಈ ವಿದ್ಯೆ. ಅದಕ್ಕೆ ವಾರಿಜ ತನ್ನದೊಂದು ತಿದ್ದುಪಡಿ ಸೇರಿಸಿದ್ದಳು: ಕಾಯುತ್ತಿರುವವನ ತೂಕ ಕಾದಷ್ಟೂ ಹೆಚ್ಚುತ್ತ ಹೋಗುತ್ತದೆ, ಕೊನೆಗೆ ಒಬ್ಬನೇ ಇದ್ದರೂ ಅವನಿಗೆ ಹಸಿರು ಸಿಗಲೇಬೇಕು. ಈ ತಿದ್ದುಪಡಿಯ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಕಣ್ಣು ಎಂದರೆ ಕಂಬದ ಮೇಲಿನ ಕ್ಯಾಮೆರಾ. ಬಂದು ನಿಂತವರನ್ನು ಅದು ಎಣಿಸುತ್ತದೆ, ನಂಬರ್ ಪ್ಲೇಟು ಓದುತ್ತದೆ. ಬರಲಿರುವವರು ಅದಕ್ಕೆ ಕಾಣುವುದಿಲ್ಲ. ಬರಲಿರುವವರು ಮೊದಲೇ ಗೊತ್ತಾದರೆ ಏನಾಗಬಹುದು? ಅವರು ತಲುಪುವ ಹೊತ್ತಿಗೆ ಸರಿಯಾಗಿ ಹಸಿರು ಕೊಟ್ಟು, ಬ್ರೇಕು ಮುಟ್ಟಿಸದೆ ದಾಟಿಸಿಬಿಡಬಹುದಲ್ಲ? ಒಂದು ಚಳಿ ದೇಶದವರು ಹೀಗೆಂದು ಯೋಚಿಸಿ ಕಿವಿಯನ್ನು ಕಂಡುಹಿಡಿದಿದ್ದರು. ಜನ ಎಲ್ಲಿದ್ದಾರೆಂದು ಫೋನು ಯಾರಿಗೂ ತಿಳಿಸಕೂಡದು ಎಂಬ ಕಾನೂನು ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಅವರು ಬಾಯಿಬಿಟ್ಟು ಹೇಳಿದ್ದನ್ನು ಕೇಳಬಾರದೆಂದು ಕಾನೂನಿನಲ್ಲಿ ಬರೆದಿರಲಿಲ್ಲ. ಕಿವಿ ಫೋನಿನೊಳಗೆ ಕೂತು ಕೇಳುತ್ತದೆ. ಮಾತು ಅಲ್ಲೇ ಅಳಿಸಿಹೋಗುತ್ತದೆ. ಇಂಥ ವಾಹನ ಇಷ್ಟು ಹೊತ್ತಿಗೆ ಇಂಥ ಸರ್ಕಲ್ಲಿಗೆ ಬರಲಿದೆ ಎಂಬುದಷ್ಟೇ ನಿಯಂತ್ರಣ ಕೊಠಡಿಗೆ ಬರುತ್ತದೆ. ಆ ಚಳಿ ದೇಶದಲ್ಲಿ ಇದು ಅಮೋಘವಾಗಿ ನಡೆದಿತ್ತು. ಅಲ್ಲಿ 'ಹೊರಟೆ' ಎಂದವನು ಆಗಲೇ ಬಾಗಿಲಿಗೆ ಬೀಗ ಹಾಕಿರುತ್ತಾನೆ.

ಸಿದ್ದಾಪಟ್ಟಣದಲ್ಲಿ ಕಿವಿ ಚಾಲೂ ಆದ ಮೊದಲ ಸೋಮವಾರವೇ ಗಾಣದ ಸರ್ಕಲ್ ಕಟ್ಟಿಕೊಂಡಿತು. ಮಾರ್ಕೆಟ್ ರಸ್ತೆಯಲ್ಲಿ ಬಸ್ಸುಗಳು ಬಾಲ ಕಚ್ಚಿಕೊಂಡು ನಿಂತಿದ್ದವು. ಎದುರಿನ ಸೇತುವೆ ರಸ್ತೆ ಬಿಕೋ ಎನ್ನುತ್ತಿತ್ತು. ಹಸಿರು ಬಿದ್ದಿದ್ದು ಸೇತುವೆ ರಸ್ತೆಗೆ.

"ಮೇಡಂ, ಒಂದು ನಾಯಿ ಬಿಟ್ರೆ ಅಲ್ಲಿ ಇನ್ಯಾರೂ ಇಲ್ಲ" ಎಂದಳು ತಬಸ್ಸುಮ್. ಅವಳು ವಾರಿಜಳ ಕೈಕೆಳಗಿನ ಎಂಜಿನಿಯರ್, ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. "ಆ ನಾಯಿಗೂ ದಾಟೋ ಆಸೆ ಇದ್ದಂಗಿಲ್ಲ."

"ಕಿವಿ ಏನನ್ನುತ್ತೆ?"

"ನಲವತ್ತು ಗಾಡಿ ಇನ್ನೇನು ಬಂದೇಬಿಟ್ವು ಅನ್ನುತ್ತೆ. ಅರ್ಧ ಗಂಟೆಯಿಂದ ಹಂಗೇ ಅಂತಿದೆ."

ಕೊಠಡಿಯ ಮುಖ್ಯಸ್ಥ ಫಾಲಾಕ್ಷಯ್ಯ ಕನ್ನಡಕ ಮೇಲಕ್ಕೇರಿಸಿ ಪರದೆ ನೋಡಿದರು. ಆ ನಲವತ್ತು ಗಾಡಿ ಎಲ್ಲಿ ಹೋದವು ಎಂಬುದು ಅವರಿಗೂ ತಿಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಿವಿಯನ್ನು ಮುಚ್ಚಿ ಹಳೆಯ ಲೆಕ್ಕಕ್ಕೇ ವಾಪಸಾದರು.

ಉತ್ತರ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ವಾರಿಜಳ ಮನೆಯಲ್ಲಿ. ಅವಳ ಗಂಡ ಪರಶಿವನದು ಶಾಮಿಯಾನದ ವ್ಯಾಪಾರ. ಮದುವೆ, ನಾಮಕರಣ, ತಿಥಿ, ಯಾವುದಿರಲಿ, ಚಪ್ಪರದ ಬಟ್ಟೆ, ಕುರ್ಚಿ, ದೊಡ್ಡ ಪಾತ್ರೆಗಳನ್ನು ತನ್ನ ಟೆಂಪೊದಲ್ಲಿ ಹೇರಿಕೊಂಡು ಹೋಗಿ ಕೊಡುವವನು. ಆ ಹೊತ್ತಿನಲ್ಲಿ ಅವನು ಸೊಂಟಕ್ಕೆ ಟವೆಲ್ ಸುತ್ತಿ, ಅರ್ಧ ಕೆನ್ನೆಗೆ ಸೋಪು ಹಚ್ಚಿ, ಹಜಾರದ ಕನ್ನಡಿಯ ಮುಂದೆ ನಿಂತಿದ್ದ. ಫೋನು ಹೊಡೆದುಕೊಂಡಿತು.

"ಬಂದೆ ಅಕ್ಕಾ! ಬಂದ್ಬಿಟ್ಟೆ! ಗಾಣದ ಸರ್ಕಲ್‌ನಲ್ಲೇ ಇದೀನಿ, ಸಿಗ್ನಲ್ ಬಿದ್ಬಿಟ್ಟಿದೆ. ಬಿಟ್ಟ ತಕ್ಷಣ ನಿಮ್ಮನೆ ಮುಂದೆ!"

ಫೋನಿಟ್ಟು ಇನ್ನೊಂದು ಕೆನ್ನೆಗೆ ಸೋಪು ಹಚ್ಚತೊಡಗಿದ. ಅಡುಗೆಮನೆ ಬಾಗಿಲಿಗೆ ಸೌಟು ಹಿಡಿದು ಬಂದ ವಾರಿಜ ಅಲ್ಲೇ ನಿಂತಳು. ಈ ಮಾತನ್ನು ಮದುವೆಯಾದಾಗಿನಿಂದ ದಿನಾ ಕೇಳಿದ್ದಳು. ಸಿಗ್ನಲ್ಲಿನ ಕಿವಿಯಿಂದ ಕೇಳಿದ್ದು ಅದೇ ಮೊದಲು.

"ತಡ ಮಾಡೋರು ನೀವು. ನನ್ನ ಸಿಗ್ನಲ್ ಮೇಲೆ ಯಾಕ್ರೀ ಹಾಕ್ತೀರಿ?"

"ನಿನ್ನ ಸಿಗ್ನಲ್ ಇರೋದೇ ಅದಕ್ಕಲ್ವೇನೆ?"

"ಅವನು ಹುಟ್ಟುವಾಗ್ಲೂ ಹಂಗೇ ಕಣಮ್ಮ" ಎಂದರು ಅವಳ ಅತ್ತೆ ಚೆನ್ನಾಜಮ್ಮ, ಮೂಲೆಯಲ್ಲಿ ಸೊಪ್ಪು ಬಿಡಿಸುತ್ತ. "ನೋವು ಬಂತು ಅಂತ ಆಸ್ಪತ್ರೆಗೆ ಓಡಿದ್ರೆ, ಎರಡು ದಿನ ಕಾಯಿಸಿ ಬಂದ."

ವಾರಿಜ ಆಫೀಸಿಗೆ ಹೋದವಳೇ ತಬಸ್ಸುಮ್‌ಗೆ ವಿಷಯ ಹೇಳಿದಳು. ಆ ನಲವತ್ತು ಗಾಡಿಗಳೂ ಸೇತುವೆ ರಸ್ತೆಯ ಆಚೆಯ ಬಡಾವಣೆಯ ಮನೆಗಳ ಮುಂದೆ ನಿಂತಿದ್ದವು. ಅವುಗಳ ಒಡೆಯರು ಒಳಗೆ ತಿಂಡಿ ತಿನ್ನುತ್ತಿದ್ದರು. ಕೆಲವರು ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ. ಈ ಊರಿನಲ್ಲಿ 'ಹೊರಟೆ' ಎಂದರೆ ಇನ್ನು ಏಳುತ್ತೇನೆ. 'ದಾರಿಯಲ್ಲಿದೀನಿ' ಎಂದರೆ ಸ್ನಾನ ಆಯಿತು. 'ಬಂದೆ' ಎಂದರೆ ಚಪ್ಪಲಿ ಹುಡುಕುತ್ತಿದ್ದೇನೆ.

ಪರಿಹಾರ ಅಂಥ ಕಷ್ಟದ್ದೇನಾಗಿರಲಿಲ್ಲ. ಹೇಳಿದ ಹೊತ್ತು ಕಿವಿಗೆ ಗೊತ್ತು. ನಿಜವಾಗಿ ಬಂದ ಹೊತ್ತು ಕಣ್ಣಿಗೆ ಗೊತ್ತು. ಒಂದರಿಂದ ಇನ್ನೊಂದನ್ನು ಭಾಗಿಸಿದರೆ ಆ ಮನುಷ್ಯನ ಮಾತನ್ನು ಎಷ್ಟರಿಂದ ಗುಣಿಸಬೇಕೆಂದು ತಿಳಿಯುತ್ತದೆ. ವಾರಿಜ ಇದಕ್ಕೆ 'ಬಂದೆ ಗುಣಕ' ಎಂದು ಹೆಸರಿಟ್ಟಳು. ಮೊದಲ ಪ್ರಯೋಗಕ್ಕೆ ಸಿಬ್ಬಂದಿಯ ಮನೆಯವರೇ ಸಿಕ್ಕಿಬಿದ್ದರು. ಪರೀಕ್ಷೆಯ ಒಂದನೇ ಫೋನು ಪರಶಿವನದು. ತಬಸ್ಸುಮಳ ಅಪ್ಪನ ಗುಣಕ ಎರಡು, ಫಾಲಾಕ್ಷಯ್ಯನವರ ಮಗಳದು ಮೂರು. ಪರಶಿವನದು ಆರು. ಆಮೇಲೆ ಊರಿಗೆ ಊರನ್ನೇ ಅಳೆದರೂ ಅದನ್ನು ಮೀರಿಸಿದವರು ಸಿಗಲಿಲ್ಲ. ದರ್ಜಿಗಳದ್ದನ್ನು ಯಂತ್ರ ಲೆಕ್ಕ ಹಾಕಲಾರದೆ ಕೈಚೆಲ್ಲಿತು.

"ಊರಿಗೇ ಫಸ್ಟು" ಎಂದು ಪರಶಿವ ಆ ದಿನ ಬೀಗಿದ. ರಾತ್ರಿ ಊಟಕ್ಕೆ ಜಿಲೇಬಿ ತಂದಿದ್ದ.

ಗುಣಕದ ಜೊತೆಗೆ ಕಿವಿಗೆ ಊರಿನ ಮಾತನ್ನೂ ಕಲಿಸಬೇಕಿತ್ತು. ಕೊಠಡಿಯ ಹಿಂದಿನ ಚಿಕ್ಕ ಕೋಣೆಯಲ್ಲಿ ಮೈಕ್ ಇಟ್ಟುಕೊಂಡು ಒಂದೊಂದೇ ಮಾತನ್ನು ನಾಲ್ಕು ನಾಲ್ಕು ಸಲ ಹೇಳಿ, ಅದರ ಅರ್ಥ ಸೇರಿಸಿದರು. 'ಬರ್ತೀನಿ' ಎಂದು ಹೇಳಿದವನು ಬರುತ್ತಿಲ್ಲ, ಹೋಗುತ್ತಿದ್ದಾನೆ ಎಂದು ಸೇರಿಸಿದಾಗ ಚಳಿ ದೇಶದ ತಜ್ಞರು ಇದು ಅಚ್ಚಿನ ತಪ್ಪೇ ಎಂದು ಕೇಳಿ ಕಳುಹಿಸಿದರು. ಅಲ್ಲ ಎಂದು ಉತ್ತರ ಹೋಯಿತು. ಕೊನೆಗೆ ಉಳಿದದ್ದು 'ಹೋಗ್ತೀನಿ' ಎಂಬ ಮಾತು. ತಬಸ್ಸುಮ್ ಮೈಕನ್ನು ವಾರಿಜಳ ಕಡೆ ಸರಿಸಿದಳು, ವಾರಿಜ ಅದನ್ನು ಹಿಂದಕ್ಕೆ ಸರಿಸಿದಳು.

"ಬಿಡ್ತು ಅನ್ನಮ್ಮ" ಎಂದರು ಫಾಲಾಕ್ಷಯ್ಯ. "ಮನೆ ಬಿಟ್ಟು ಹೊರಡೋವಾಗ ಯಾರಾದ್ರೂ ಹಂಗಂತಾರಾ?"

"ನಮ್ಮನೇಲೂ ಅನ್ನಲ್ಲ ಸರ್. ನಮ್ಮಮ್ಮ ಕೇಳಿಸ್ಕೊಂಡ್ರೆ ವಾಪಸ್ ಕರೆದು ಕೂರಿಸಿ ನೀರು ಕುಡಿಸಿ ಕಳಿಸ್ತಾರೆ."

ಈ ಊರಿನಲ್ಲಿ ಹಾಗೆನ್ನುವವರೇ ಇಲ್ಲ. ಬಾಯಿತಪ್ಪಿ ಯಾರಾದರೂ ಅಂದರೂ ಹೋಗಿ ಬರುವವರೇ. ಹೀಗೆಂದು ಮೂವರೂ ಒಪ್ಪಿದರು. 'ಹೋಗ್ತೀನಿ' ಎಂದರೂ ಸಂಜೆಗೆ ವಾಪಸು ಎಂದೇ ತಿಳಿಯತಕ್ಕದ್ದು ಎಂದು ವಾರಿಜ ಯಂತ್ರಕ್ಕೆ ಸೂಚನೆ ಬರೆದಳು. ಮೈಕು ಆರಿಸಿ ಕಾಫಿಗೆ ಹೋದರು.

ಅಲ್ಲಿಂದ ಮುಂದೆ ಎಲ್ಲವೂ ಸಲೀಸಾಯಿತು. ಊರಿನ ಕಾಯುವಿಕೆ ಅರ್ಧಕ್ಕಿಳಿಯಿತು. ಗಾಣದ ಸರ್ಕಲ್ಲಿನಲ್ಲಿ ಕಡಲೆಕಾಯಿ ಮಾರುವವನೊಬ್ಬ, ಗಾಡಿಗಳು ನಿಲ್ಲುವುದೇ ಇಲ್ಲವೆಂದು ಬಸ್ ಸ್ಟ್ಯಾಂಡಿನ ಕಡೆ ಜಾಗ ಬದಲಾಯಿಸಿದ. ಪತ್ರಿಕೆಯಲ್ಲಿ ವಾರಿಜಳ ಫೋಟೊ ಬಂತು. ಚೆನ್ನಾಜಮ್ಮ ಅದನ್ನು ಕತ್ತರಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟರು.

ಇಷ್ಟಕ್ಕೇ ಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಯಂತ್ರಕ್ಕೆ ಗೊತ್ತಿರುವ ನಿಜವನ್ನು ಜನರಿಂದ ಯಾಕೆ ಮುಚ್ಚಿಡಬೇಕು ಎಂದು ನಗರಾಡಳಿತದಲ್ಲಿ ಯಾರಿಗೋ ಅನ್ನಿಸಿತು. ಅಂದಿನಿಂದ ಯಾರಾದರೂ ಫೋನಿನಲ್ಲಿ 'ಬಂದೆ' ಎಂದರೆ, ಕೇಳಿಸಿಕೊಳ್ಳುವವರ ಪರದೆಯ ಮೇಲೆ ಗುಣಿಸಿದ ಹೊತ್ತು ಮೂಡತೊಡಗಿತು. ಅದಕ್ಕೆ 'ನಿಜ ಸಮಯ' ಎಂದು ಹೆಸರು. ಆ ತೀರ್ಮಾನವಾದ ಸಭೆಯಲ್ಲಿ ವಾರಿಜಳೂ ಇದ್ದಳು. ಬೇಡ ಎನ್ನಲು ಅವಳಿಗೆ ಯಾವ ಕಾರಣವೂ ತೋಚಲಿಲ್ಲ.

ಊರು ಮೊದಮೊದಲು ಇದನ್ನು ತಮಾಷೆಯಾಗಿಯೇ ತೆಗೆದುಕೊಂಡಿತು. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯ ಸೋದರತ್ತೆ "ಹುಡುಗನ ಗುಣಕ ಎಷ್ಟು?" ಎಂದು ಕೇಳಿದಳಂತೆ. ಪುರೋಹಿತರೊಬ್ಬರು ಎರಡು ಮುಹೂರ್ತ ಒಪ್ಪಿಕೊಂಡಿದ್ದು ಫೋನಿನಲ್ಲೇ ಬಯಲಾಯಿತು. ಗಂಡಂದಿರು ಮನೆಗೆ ಬೇಗ ಬರತೊಡಗಿದರು ಎಂದು ಹೆಂಗಸರು ಹೇಳಿದರು. ಎಷ್ಟು ದಿನ ಎಂದು ಯಾರೂ ಕೇಳಲಿಲ್ಲ.

ಪರಶಿವನಿಗೆ ಮಾತ್ರ ಇದು ಹೊಟ್ಟೆಪಾಡಿನ ಪ್ರಶ್ನೆಯಾಯಿತು. ಅವನು ಯಾವ ಮುಹೂರ್ತವನ್ನೂ ತಪ್ಪಿಸಿದವನಲ್ಲ. ಚಪ್ಪರ ಎಷ್ಟು ಹೊತ್ತಿಗೆ ಏಳಬೇಕು, ಒಲೆಗೆ ಹಂಡೆ ಎಷ್ಟು ಹೊತ್ತಿಗೆ ಬೇಕು ಎಂಬ ಲೆಕ್ಕ ಅವನ ತಲೆಯಲ್ಲಿ ಸದಾ ಇರುತ್ತಿತ್ತು. ಅದಕ್ಕೆ ಸರಿಯಾಗಿ ಹೋಗಿ ಇಳಿಸುತ್ತಿದ್ದ. ಆದರೆ ಮದುವೆ ಮನೆಯವರಿಗೆ ಸಾಮಾನು ಬೇಕಾಗುವ ಮೊದಲೇ ಗಾಬರಿಯಾಗುತ್ತದೆ. ಐದು ನಿಮಿಷಕ್ಕೊಮ್ಮೆ ಫೋನು ಮಾಡುತ್ತಾರೆ. ಅವರಿಗೆ ಬೇಕಾದದ್ದು ಹಂಡೆಯಲ್ಲ, 'ಬಂದೆ' ಎಂಬ ಮಾತು. ಅದನ್ನು ಕೇಳಿ ಫೋನಿಟ್ಟು, ಸೀರೆ ಸರಿಮಾಡಿಕೊಂಡು, ಬಂದವರಿಗೆ ಕಾಫಿ ಕೊಡಲು ಹೋಗುತ್ತಾರೆ.

ಈಗ ಹಾಗಾಗಲಿಲ್ಲ. ಮಗಳ ಮದುವೆ ಇಟ್ಟುಕೊಂಡಿದ್ದ ದಾಕ್ಷಾಯಣಮ್ಮ ಎಂಬಾಕೆ ಫೋನಿನಲ್ಲಿ ಅತ್ತೇಬಿಟ್ಟಳು.

"ಪರ್ಶಣ್ಣಾ, ನೀನು ಬಂದೆ ಅಂತೀಯ. ಇಲ್ಲಿ ಒಂದೂವರೆ ಗಂಟೆ ಅಂತ ಬರ್ತಾ ಇದೆ. ನಾನು ಯಾರನ್ನ ನಂಬಲಿ?"

"ನನ್ನನ್ನ ನಂಬಮ್ಮ. ಇಷ್ಟು ವರ್ಷ ನಂಬಿಲ್ವಾ?"

"ನಂಬಿದ್ದೆ ಕಣಪ್ಪ. ಆದ್ರೆ ಕಣ್ಣೆದುರಿಗೇ ಬರೆದು ತೋರಿಸ್ತಾ ಇದೆಯಲ್ಲ!"

ಅವನು ಹಂಡೆ ಇಳಿಸಲು ಹೋಗುವಷ್ಟರಲ್ಲಿ ಬೇರೆಯವರ ಹಂಡೆ ಒಲೆಯ ಮೇಲೆ ಕೂತಿತ್ತು. ಒಂದೂವರೆ ಗಂಟೆಯ ನಂತರವೂ ಅದರಲ್ಲಿ ಏನೂ ಬೇಯುತ್ತಿರಲಿಲ್ಲ, ಅಡುಗೆಯವರು ಇನ್ನೂ ತರಕಾರಿ ಹೆಚ್ಚುತ್ತಿದ್ದರು. ಹೀಗೆ ಒಂದಾದ ಮೇಲೊಂದು ಮದುವೆಗಳು ಅವನ ಕೈತಪ್ಪಿದವು. ಪರಶಿವ ನಿಜ ಹೇಳಿ ನೋಡಿದ. "ಇನ್ನೂ ಮುಕ್ಕಾಲು ಗಂಟೆ ಆಗುತ್ತಮ್ಮ" ಎಂದರೆ ಯಂತ್ರ ಅದನ್ನೂ ಆರರಿಂದ ಗುಣಿಸಿ ತೋರಿಸುತ್ತಿತ್ತು. ಗುಣಕ ಇಳಿಯಬೇಕಾದರೆ ತಿಂಗಳುಗಟ್ಟಲೆ ಹೇಳಿದ ಹೊತ್ತಿಗೆ ಸರಿಯಾಗಿ ಬರಬೇಕಿತ್ತು. ಬರಲು ಮದುವೆಗಳೇ ಉಳಿಯಲಿಲ್ಲ.

ಒಂದು ಸಂಜೆ ಅವನು ಹೆಂಡತಿಯ ಮುಂದೆ ಬಂದು ಕೂತ.

"ನನ್ನ ಫೋನೊಂದನ್ನ ಆ ನಿಜ ಸಮಯದಿಂದ ತೆಗೆಸ್ಬಿಡೇ."

"ಆಗಲ್ಲ ರೀ. ನಿಮ್ಮದು ಒಂದನೇ ಫೋನು. ಎಲ್ಲರದ್ದೂ ನಿಮ್ಮದರ ಮೇಲೇ ನಿಂತಿದೆ. ಗಂಡನದ್ದು ಅಂತ ತೆಗೆದ್ರೆ ನಾಳೆ ಎಲ್ಲರೂ ಕೇಳ್ತಾರೆ."

"ಬಂದೆ ಅನ್ನೋದು ಟೈಮಲ್ಲ ಕಣೆ. ನಾನಿದೀನಿ, ಹೆದರ್ಕೋಬೇಡಿ ಅಂತ. ಅಷ್ಟೂ ಗೊತ್ತಾಗಲ್ವಾ ನಿನ್ನ ಮಿಷನ್‌ಗೆ?"

ವಾರಿಜಳಿಗೆ ಆ ದಿನ ಆಫೀಸಿನಲ್ಲಿ ಸಾಕುಸಾಕಾಗಿತ್ತು. ಜೊತೆಗೆ, ಹದಿನೈದು ವರ್ಷ ಬಾಗಿಲಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಚಿತ್ರಮಂದಿರದ ಮುಂದೆ ಅವನಿಗಾಗಿ ಕಾದದ್ದೂ ನೆನಪಿಗೆ ಬಂತು.

"ನಿಮ್ಮ ಮಾತಿಗೆ ಆರನೇ ಒಂದು ಪಾಲು ಬೆಲೆ ಅಂತ ಯಂತ್ರ ಈಗ ಹೇಳ್ತಿದೆ. ನನಗೆ ಮೊದಲೇ ಗೊತ್ತಿತ್ತು" ಎಂದಳು.

ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡಳು. ಪರಶಿವ ಎದ್ದು ಹೊರಗೆ ಹೋಗಿ ಟೆಂಪೊದ ಕನ್ನಡಿ ಒರೆಸತೊಡಗಿದ. ಒರೆಸಿದ್ದನ್ನೇ ಒರೆಸುತ್ತ ಬಹಳ ಹೊತ್ತು ಅಲ್ಲೇ ಇದ್ದ.

ಆ ವಾರವೇ ಅವನು ಸೇತುವೆ ರಸ್ತೆ ಹಿಡಿದು ಹೊಸಪೇಟೆಗೆ ಹೊರಟ. ಅಲ್ಲಿ ಅವನ ಸ್ನೇಹಿತನೊಬ್ಬ ಪಾತ್ರೆ ಸಾಮಾನಿನ ವ್ಯಾಪಾರ ನಡೆಸುತ್ತಿದ್ದ. ಆ ಊರಿನ ಫೋನುಗಳಿಗೆ ಇನ್ನೂ ಕಿವಿ ಬಂದಿರಲಿಲ್ಲ. ಚಪ್ಪರದ ಬಟ್ಟೆಯನ್ನೆಲ್ಲ ಟೆಂಪೊಗೆ ಹೇರಿ, ಅವ್ವನ ಕಾಲು ಮುಟ್ಟಿ, ಹೆಂಡತಿ ಕಟ್ಟಿಕೊಟ್ಟ ಬುತ್ತಿಯನ್ನು ಸೀಟಿನ ಮೇಲಿಟ್ಟ. ಹೊಸಲಿನ ಆಚೆ ನಿಂತು 'ಹೋಗ್ತೀನಿ' ಎಂದ.

"ಬಿಡ್ತು ಅನ್ನು ಮಗನೇ" ಎಂದರು ಚೆನ್ನಾಜಮ್ಮ. "ಹೋಗಿ ಬರ್ತೀನಿ ಅನ್ನು."

ಅವನು ಅನ್ನಲಿಲ್ಲ. ವಾರಿಜಳ ಮುಖವನ್ನೊಮ್ಮೆ ನೋಡಿ ಗಾಡಿ ಹತ್ತಿದ. ಅವನ ಜೇಬಿನಲ್ಲಿದ್ದ ಫೋನು ಆ ಮಾತನ್ನು ಕೇಳಿಸಿಕೊಂಡಿತು, ತನಗೆ ಕಲಿಸಿದ ಹಾಗೆಯೇ ಅರ್ಥ ಮಾಡಿಕೊಂಡಿತು.

ವಾರಗಳು ಕಳೆದವು. ಪರಶಿವ ಅವ್ವನಿಗೆ ಫೋನು ಮಾಡುತ್ತಿದ್ದ, ಹೆಂಡತಿಗೆ ಮಾಡುತ್ತಿರಲಿಲ್ಲ. ವಾರಿಜಳೂ ಮಾಡಲಿಲ್ಲ. ಬೆಳಿಗ್ಗೆ ಹಜಾರದ ಕನ್ನಡಿಯ ಮುಂದೆ ಯಾರೂ ಸುಳ್ಳು ಹೇಳುತ್ತಿರಲಿಲ್ಲವಾದ್ದರಿಂದ ಮನೆ ತೀರ ನಿಶ್ಶಬ್ದವಾಗಿತ್ತು. ಅವಳಿಗೆ ಅದನ್ನು ಸಹಿಸಲಾಗುತ್ತಿರಲಿಲ್ಲ, ಅದಕ್ಕೇ ಆಫೀಸಿಗೆ ಬೇಗ ಹೋಗುತ್ತಿದ್ದಳು.

ಇತ್ತ ಊರು ತನ್ನ ದಾರಿ ತಾನು ಕಂಡುಕೊಂಡಿತ್ತು. ಜನ 'ಬಂದೆ' ಎನ್ನುವುದನ್ನೇ ಬಿಟ್ಟರು. "ಎಲ್ಲಿದೀಯ?" ಎಂದು ಕೇಳಿದರೆ "ಹೂಂ" ಎನ್ನತೊಡಗಿದರು. "ಎಷ್ಟೊತ್ತಾಗುತ್ತೆ?" ಎಂದರೂ "ಹೂಂ ಹೂಂ". ಕೆಲವರು ಫೋನು ಎತ್ತುವುದನ್ನೇ ನಿಲ್ಲಿಸಿದರು. ಮಾತು ತಿಂದು ಬದುಕುವ ಯಂತ್ರ ಹಸಿದುಕೊಂಡು ಕೂತಿತು, ಸರ್ಕಲ್ಲುಗಳಲ್ಲಿ ಮತ್ತೆ ಸಾಲು ಬೆಳೆಯಿತು. ಕಡಲೆಕಾಯಿಯವನು ಹಳೆಯ ಜಾಗಕ್ಕೆ ವಾಪಸು ಬಂದ. ಕೊನೆಗೆ ನಗರಾಡಳಿತ ನಿಜ ಸಮಯವನ್ನು ಸದ್ದಿಲ್ಲದೆ ತೆಗೆದುಹಾಕಿತು. ಕಿವಿ ಉಳಿಯಿತು. ಕೇಳಿದ್ದು ಸಿಗ್ನಲ್‌ಗೆ ಮಾತ್ರ, ಇನ್ಯಾರಿಗೂ ಇಲ್ಲ ಎಂದಾಯಿತು. ಜನ ಮತ್ತೆ ಬಾಯಿತುಂಬ ಸುಳ್ಳು ಹೇಳತೊಡಗಿದರು, ಗಾಡಿಗಳು ಮತ್ತೆ ಸರಾಗವಾಗಿ ಓಡಿದವು.

ಗಾಣದ ಸರ್ಕಲ್ ಒಂದನ್ನು ಬಿಟ್ಟು.

ಸಂಜೆಯ ದಟ್ಟಣೆಯ ಹೊತ್ತಿಗೆ ಅಲ್ಲಿ ಸೇತುವೆ ರಸ್ತೆಗೆ ಕಾರಣವಿಲ್ಲದೆ ಹೆಚ್ಚಿನ ಹಸಿರು ಬೀಳುತ್ತಿತ್ತು. ಇದ್ದ ನಾಲ್ಕು ಗಾಡಿಗಳು ದಾಟಿಹೋದ ಮೇಲೂ ಖಾಲಿ ರಸ್ತೆಗೆ ಹಸಿರು ನಿಂತೇ ಇರುತ್ತಿತ್ತು. ಮೊದಲು ನಾಲ್ಕಾರು ಸೆಕೆಂಡು, ಯಾರೂ ಗಮನಿಸಿರಲಿಲ್ಲ. ದಿನದಿಂದ ದಿನಕ್ಕೆ ಅದು ಬೆಳೆಯುತ್ತ ಬಂತು. ಸಿಟಿ ಬಸ್ಸಿನ ಡ್ರೈವರೊಬ್ಬ ನೇರವಾಗಿ ನಿಯಂತ್ರಣ ಕೊಠಡಿಗೇ ಬಂದು ಕೂಗಾಡಿದ.

"ಏನ್ ಸ್ವಾಮಿ, ದಿನಾ ಸಾಯಂಕಾಲ ದೆವ್ವಕ್ಕೆ ದಾರಿ ಬಿಡಿಸ್ತಾ ಇದೀರಾ? ಬಸ್ ತುಂಬ ಜನ ನನ್ನ ಬಯ್ತಾರೆ!"

ತಬಸ್ಸುಮ್ ಯಂತ್ರದ ಲೆಕ್ಕವನ್ನು ಒಂದೊಂದೇ ಎಳೆ ಬಿಡಿಸುತ್ತ ಹೋದಳು. ಸೇತುವೆ ರಸ್ತೆಯಿಂದ ಒಂದು ವಾಹನ ಬರಬೇಕಿದೆ ಎಂದು ಕಿವಿ ಹಟ ಹಿಡಿದಿತ್ತು. ಆ ವಾಹನ ಯಾವುದೆಂದು ನೋಡಿದವಳು ಕುರ್ಚಿ ತಿರುಗಿಸಿದಳು.

"ಮೇಡಂ, ಒಂದನೇ ಫೋನು."

ವಾರಿಜ ಎದ್ದು ಬಂದು ನೋಡಿದಳು. ಎಲ್ಲವೂ ಅವಳೇ ಬರೆದಿದ್ದ ಹಾಗೆಯೇ ನಡೆದಿತ್ತು. 'ಹೋಗ್ತೀನಿ' ಎಂದವನು ಸಂಜೆಗೆ ವಾಪಸು ಬರುತ್ತಾನೆ ಎಂದು ಅವಳು ಕಲಿಸಿದ್ದಳು. ಬೇರೆ ಯಾರಾದರೂ ಆಗಿದ್ದರೆ ಕೆಲವು ದಿನ ನೋಡಿ ಯಂತ್ರ ಕೈಬಿಡುತ್ತಿತ್ತು. ಈ ಮನುಷ್ಯನ ಗುಣಕ ಆರು. ತಡವಾಗುವುದೇ ಇವನ ಸ್ವಭಾವ, ಬಂದೇ ಬರುತ್ತಾನೆ ಎಂದು ಅದು ಆರು ಪಟ್ಟು ತಾಳ್ಮೆಯಿಂದ ಕೂತಿತ್ತು. ಮತ್ತೆ, ಕಾದವನ ತೂಕ ಕಾದಷ್ಟೂ ಹೆಚ್ಚಬೇಕು ಎಂಬ ಅವಳ ತಿದ್ದುಪಡಿ ಇತ್ತಲ್ಲ. ಎಲ್ಲೋ ಸೇತುವೆಯ ಆಚೆ ಆ ಟೆಂಪೊ ಇಷ್ಟು ವಾರಗಳಿಂದ ಕಾಯುತ್ತಿದೆ ಎಂದು ಯಂತ್ರ ತಿಳಿದಿತ್ತು. ದಿನ ಹೋದ ಹಾಗೆ ಅದರ ಪಾಲಿನ ಹಸಿರನ್ನು ಹೆಚ್ಚಿಸುತ್ತಿತ್ತು.

ಫಾಲಾಕ್ಷಯ್ಯ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

"ಒಂದೇ ಪದ ತಾನೆ ವಾರಿಜಾ ಅವ್ರೇ. ಅವತ್ತು ಬಿಟ್ಟಿದ್ವಲ್ಲ, ಅದು. ಮೈಕ್ ಮುಂದೆ ನಾಲ್ಕು ಸಲ ಹೇಳಿ, ಇದರರ್ಥ ವಾಪಸ್ ಬರಲ್ಲ ಅಂತ ಸೇರಿಸ್ಬಿಡಿ. ಊರವರ ತಾಪತ್ರಯ ತಪ್ಪುತ್ತೆ. ನಾನು ಆಚೆ ಇರ್ತೀನಿ. ಬರ್ತೀನಿ."

ವಾರಿಜ ಚಿಕ್ಕ ಕೋಣೆಗೆ ಹೋಗಿ ಮೈಕಿನ ಮುಂದೆ ಕೂತಳು. ಲೆಕ್ಕ ಅವಳಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಒಬ್ಬ ಬರದ ಮನುಷ್ಯನಿಗಾಗಿ ಮೂರು ರಸ್ತೆಯ ಜನ ಕಾಯುತ್ತಿದ್ದಾರೆ. ಆ ಮೊತ್ತವನ್ನು ಕಡಿಮೆ ಮಾಡುವುದೇ ಅವಳ ಕೆಲಸ. ಬಾಯಿ ತೆರೆದಳು. ಆ ಪದ ಹೇಳಿದರೆ ಅವನು ಬರುವುದಿಲ್ಲವೆಂದು ತಾನೇ ಒಪ್ಪಿ ಮುದ್ರೆ ಒತ್ತಿದ ಹಾಗೆ ಎನ್ನಿಸಿತು. ಅವಳಿಗೆ ಅವನು ಬೇಕಾಗಿತ್ತು. ತಡವಾಗಿ ಬಂದರೂ ಸರಿ, ಸುಳ್ಳು ಹೇಳಿಕೊಂಡು ಬಂದರೂ ಸರಿ.

ಮೈಕು ಆರಿಸಿ ಫೋನು ತೆಗೆದಳು.

"ಹಲೋ." ಹಿಂದೆ ಯಾರೋ ಪಾತ್ರೆ ಎತ್ತಿಡುವ ಸದ್ದು.

"ನಾನು."

"ಗೊತ್ತು. ಹೆಸರು ಬರುತ್ತಲ್ಲ."

"ಊಟ ಆಯ್ತಾ?"

"ಆಯ್ತು. ಇಲ್ಲಿ ದಿನಾ ರೊಟ್ಟಿ. ಅವ್ವ ಹೆಂಗವ್ಳೆ?"

"ಚೆನ್ನಾಗಿದಾರೆ. ಫೋನಲ್ಲಿ ಟೈಮ್ ತೋರಿಸೋದನ್ನ ತೆಗೆದ್ಬಿಟ್ರು ರೀ."

"ಕೇಳ್ದೆ."

"ಅವತ್ತು ನಾನು ಆ ಮಾತು ಅನ್ನಬಾರದಿತ್ತು. ತಪ್ಪಾಯ್ತು."

ಆ ಕಡೆ ಪಾತ್ರೆಯ ಸದ್ದು ದೂರವಾಯಿತು. ಅವನು ಎದ್ದು ಹೊರಗೆ ಬಂದಿರಬೇಕು.

"ಇಲ್ಲಿ ದಿನಾ ಸಾಯಂಕಾಲ ಸೇತುವೆ ರೋಡಿಗೆ ನಿಮ್ಮ ಹೆಸರಲ್ಲಿ ಹಸಿರು ಬೀಳ್ತಾ ಇದೆ. ಊರವರೆಲ್ಲ ಬಯ್ತಿದಾರೆ."

"ನನ್ನ ಹೆಸರಲ್ಲಾ? ಯಾಕೆ?"

"ನೀವು ಬರ್ತೀರಿ ಅಂತ ಕಾಯ್ತಾ ಇದೆ."

"ಯಾವುದು, ಮಿಷನ್ನಾ?"

"ಮಿಷನ್ನೂ."

ಪರಶಿವ ಕೆಮ್ಮಿದ.

"ನಾಳೆ ಸಾಯಂಕಾಲ ಅಷ್ಟೊತ್ತಿಗೆ ಬಂದೆ ಅನ್ಕೋ" ಎಂದ.

ಹೊರಗೆ ತಬಸ್ಸುಮ್ ಕೂಗಿದ್ದು ಕೇಳಿಸಿತು. ವಾರಿಜ ಓಡಿ ಬಂದು ಪರದೆ ನೋಡಿದಳು. ಒಂದನೇ ಫೋನಿನಿಂದ ಬಂದ ಹೊಸ ಮಾತನ್ನು ಯಂತ್ರ ತೆಗೆದುಕೊಂಡಿತ್ತು. ನಾಳೆ ಎಂದಿದ್ದನ್ನು ಆರರಿಂದ ಗುಣಿಸಿತ್ತು. ಗಾಣದ ಸರ್ಕಲ್ಲಿನ ಖಾಲಿ ಹಸಿರನ್ನು ಆ ಸಂಜೆಯಿಂದ ಕಿತ್ತು, ಮುಂದಿನ ವಾರಕ್ಕೆ ಒಯ್ದು ಇಟ್ಟಿತ್ತು. ಮೂರು ರಸ್ತೆಗಳಿಗೂ ಅವರವರ ಸೆಕೆಂಡುಗಳು ವಾಪಸಾಗಿದ್ದವು.

"ಹೇಳಿದ್ರಾ?" ಎಂದು ಫಾಲಾಕ್ಷಯ್ಯ ಬಾಗಿಲಿನಿಂದ ಇಣುಕಿದರು.

"ಇಲ್ಲ ಸರ್. ಅವರೇ ಹೇಳಿದ್ರು."

ಮನೆಯಲ್ಲಿ ವಿಷಯ ತಿಳಿಸಿದಾಗ ಚೆನ್ನಾಜಮ್ಮ ಕುಣಿದಾಡಲಿಲ್ಲ. "ನಾಳೆ ಅಂದ್ನಾ? ಹಂಗಾದ್ರೆ ಬರೋ ವಾರ ಮುದ್ದೆ ತಿರುವಿದ್ರೆ ಸಾಕು" ಎಂದು ಮಗ್ಗುಲಾದರು. ಹೆತ್ತ ತಾಯಿ ಮತ್ತು ಯಂತ್ರ ಇಬ್ಬರದೂ ಒಂದೇ ಅಭಿಪ್ರಾಯವಿತ್ತು. ವಾರಿಜಳಿಗೂ ಲೆಕ್ಕ ಬರುತ್ತಿತ್ತು. ಆದರೂ ಮರುದಿನ ಸಂಜೆ ಕೆಲಸ ಮುಗಿದ ಮೇಲೆ ಅವಳು ಮನೆಗೆ ಹೋಗಲಿಲ್ಲ. ಗಾಣದ ಸರ್ಕಲ್ಲಿನ ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

ದೀಪಗಳು ಹೊತ್ತಿಕೊಂಡಿದ್ದವು. ಕಡಲೆಕಾಯಿಯವನು ಸಾಲುಗಳ ನಡುವೆ ಓಡಾಡುತ್ತಿದ್ದ. ಸೇತುವೆ ರಸ್ತೆಗೆ ಅಳತೆಗೆ ತಕ್ಕಷ್ಟೇ ಹಸಿರು ಬಿದ್ದು, ಇದ್ದವರು ದಾಟಿ, ಕೆಂಪು ಬಿತ್ತು. ಆಗ ಆ ಖಾಲಿ ರಸ್ತೆಯಲ್ಲಿ ಒಂದು ಟೆಂಪೊ ಬಂದು ಗೆರೆಯ ಹಿಂದೆ ನಿಂತಿತು. ಮೇಲೆ ಹಗ್ಗ ಬಿಗಿದ ಚಪ್ಪರದ ಬಟ್ಟೆ, ಅದರ ಮೇಲೆ ಬೋರಲು ಹಾಕಿದ ಹಂಡೆಗಳು. ಯಂತ್ರ ಅವನನ್ನು ಆ ದಿನ ನಿರೀಕ್ಷಿಸಿರಲಿಲ್ಲ, ಅದಕ್ಕೇ ಹಸಿರು ಇಟ್ಟಿರಲಿಲ್ಲ.

ವಾರಿಜ ಫೋನು ಮಾಡಿದಳು.

"ಎಲ್ಲಿದೀರಿ?"

"ಗಾಣದ ಸರ್ಕಲ್‌ನಲ್ಲೇ ಇದೀನಿ ಕಣೆ" ಎಂದ ಪರಶಿವ. "ಸಿಗ್ನಲ್ ಬಿದ್ಬಿಟ್ಟಿದೆ."

ಹದಿನೈದು ವರ್ಷ ಹೇಳುತ್ತಲೇ ಬಂದಿದ್ದ ಮಾತು ಅದು. ನಿಜವಾದದ್ದು ಅದೇ ಮೊದಲು. ವಾರಿಜಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

"ಮೇಡಂ, ಕೊಟ್ಬಿಡ್ಲಾ?" ಎಂದಳು ತಬಸ್ಸುಮ್, ಬೆರಳನ್ನು ಗುಂಡಿಯ ಮೇಲಿಟ್ಟು. ಊರಿನವರು ನಂಬಿದ್ದ ಗುಂಡಿ ನಿಜವಾಗಿಯೂ ಅಲ್ಲಿತ್ತು.

ವಾರಿಜ ಬೇಡವೆಂದು ತಲೆಯಾಡಿಸಿದಳು. ಉಳಿದ ಮೂರು ರಸ್ತೆಗಳಲ್ಲೂ ಜನ ಕಾಯುತ್ತಿದ್ದರು.

"ಅವ್ವಂಗೆ ಮುದ್ದೆಗೆ ಎಸರಿಡೋಕೆ ಹೇಳು" ಎಂದ ಪರಶಿವ. "ಬಂದೆ."

ಇನ್ನೂ ಮುಕ್ಕಾಲು ಸುತ್ತು ಬಾಕಿಯಿತ್ತು. ವಾರಿಜ ಫೋನನ್ನು ಕಿವಿಗೆ ಹಿಡಿದುಕೊಂಡೇ ಕಾದಳು.